ಪೈಲಟ್ ಪಕ್ಷ, ಔಷಧಿ ಅಂಗಡಿ ಪಕ್ಷ

ಅಂಗಡಿಯಿಂದ,
ಬುಧವಾರ, ಜೂನ್ ಹನ್ನೆರಡು,
ಮಧ್ಯಾಹ್ನ, ಧಾರಾವಾಹಿ ಮುಗಿದ ಮೇಲೆ

ಪ್ರೀತಿಯ ಇವಳೇ,

ತವರಿನಲ್ಲಿ ನಿನ್ನ ಅತ್ತಿಗೆಯ ಸೊಂಟ ಹೇಗಿದೆ? ವಾಕರ್ ಹಿಡಿದು ಬಾಗಿಲವರೆಗೆ ನಡೆದರು ಎಂದಿದ್ದೆಯಲ್ಲ, ಈಗ ಹೊಸ್ತಿಲು ದಾಟಿದರೋ? ನಿನ್ನ ಮಂಡಿ ಹೇಗಿದೆ? ಅವರನ್ನು ಎತ್ತಿ ಕೂರಿಸುವಾಗ ಬೆನ್ನು ಬಗ್ಗಿಸಬೇಡ, ಮಂಡಿ ಮಡಿಸಿ ಎತ್ತು ಎಂದು ನರ್ಸಮ್ಮ ಹೇಳಿ ಕಳಿಸಿದ್ದಾರೆ. ಮಂಡಿಯೇ ನೋಯುವವಳು ಅದನ್ನು ಮಡಿಸುವುದು ಹೇಗೆ ಎಂದು ಕೇಳಿದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಾನು ಚೆನ್ನಾಗಿದ್ದೇನೆ. ಅಡುಗೆ ಒಂದು ದಿನ ಗಂಜಿಯಾಗುತ್ತದೆ, ಒಂದು ದಿನ ಗಟ್ಟಿಯಾಗುತ್ತದೆ, ಹೊಟ್ಟೆ ಎರಡಕ್ಕೂ ಒಗ್ಗಿಕೊಂಡಿದೆ. ಫೋನ್ ಮಾಡಬಹುದಿತ್ತಲ್ಲ, ಇದೇನು ಹೊಸದಾಗಿ ಕಾಗದ ಎಂದು ನೀನು ಅಂದುಕೊಳ್ಳುತ್ತೀಯ. ಫೋನ್ ಮಾಡಿದರೆ ಅತ್ತಿಗೆ ಪಕ್ಕದಲ್ಲೇ ಮಲಗಿರುತ್ತಾರೆ. ನಾನು ಹೂಂ ಅನ್ನುತ್ತೇನೆ, ನೀನು ಹೂಂ ಅನ್ನುತ್ತೀಯ, ಆಮೇಲೆ ಇಡ್ಲಾ ಅಂದರೆ ಇಡು. ಅಲ್ಲಿಗೆ ಮುಗಿಯಿತು. ಈ ಸಲದ ಸುದ್ದಿ ಹೂಂ ಅಂದರೆ ಮುಗಿಯುವಂಥದ್ದಲ್ಲ.

ಅತ್ತಿಗೆಗೆ ಟಿ.ವಿ. ಸದ್ದು ಕೇಳಿದರೆ ತಲೆ ಸಿಡಿಯುತ್ತದೆ, ಅದಕ್ಕೆ ಕಥೆಯನ್ನು ನೀವೇ ನೋಡಿ ನನಗೆ ಹೇಳಬೇಕು ಎಂದು ಬಸ್ಸಿನ ಕಿಟಕಿಯಿಂದ ಅಪ್ಪಣೆ ಕೊಟ್ಟು ಹೋದೆಯಲ್ಲ, ನೋಡುತ್ತಿದ್ದೇನೆ. ನೋಡದೆ ಉಪಾಯವೂ ಇಲ್ಲ. ನೀನು ಹೋದರೂ ನಮ್ಮ ಅಂಗಡಿಯೇ ಥಿಯೇಟರು. ಮಧ್ಯಾಹ್ನ ಆಗುತ್ತಿದ್ದಂತೆ ಟೈಲರಮ್ಮ ಪಕ್ಕದ ಅಂಗಡಿಯ ಬಾಗಿಲು ಅರ್ಧ ಎಳೆದು, ಯಾರದೋ ರವಿಕೆಗೆ ಹುಕ್ಕು ಹಾಕುತ್ತಲೇ ಬರುತ್ತಾರೆ. ಬೇಕರಿಯವನು ಕೈಯ ಹಿಟ್ಟು ಒರೆಸಿಕೊಳ್ಳುತ್ತಾ ಬರುತ್ತಾನೆ. ನರ್ಸಮ್ಮ ಆಸ್ಪತ್ರೆಯಿಂದ ರಿಟೈರ್ ಆದ ಮೇಲೂ ಡ್ಯೂಟಿಗೆ ಬರುವವರಂತೆ ಎಲ್ಲರಿಗಿಂತ ಮೊದಲೇ ಬಂದು ಕೂತಿರುತ್ತಾರೆ. ಕೂರುವುದು ರಿಪೇರಿಗೆ ಬಂದ ಸೋಫಾಗಳ ಮೇಲೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ದೊಡ್ಡ ಸೋಫಾ ಸಿದ್ಧವಾಗಿ ಬಹಳ ದಿನವಾಯಿತು. ಕಳಿಸೋಣ ಎಂದರೆ ಟೈಲರಮ್ಮ ಬಿಡಲಿಲ್ಲ. ಕಥೆ ಒಂದು ದಡ ಸೇರೋವರೆಗೆ ಇರ್ಲಿ ಬಿಡಿ, ಹಲ್ಲು ನೋವಿನವರು ನಿಂತುಕೊಂಡೂ ಕಾಯ್ತಾರೆ ಅಂದರು.

ಕಥೆ ನೀನು ಬಿಟ್ಟುಹೋದಲ್ಲಿಂದ ಬಹಳ ಮುಂದೆ ಹೋಗಿದೆ. ಸಂಗೀತದ ಟೀಚರಿಗೂ ಔಷಧಿ ಅಂಗಡಿಯವನಿಗೂ ಅವಳ ತಾಯಿ ನಿಶ್ಚಿತಾರ್ಥ ಗೊತ್ತುಮಾಡುವ ಹೊತ್ತಿಗೆ ಪೈಲಟ್ ವಾಪಸ್ ಬಂದ. ಎಷ್ಟೋ ವರ್ಷದ ಹಿಂದೆ ಮಾಳಿಗೆಯ ಮೇಲೆ ನನ್ನನ್ನು ಮದುವೆಯಾಗ್ತೀಯಾ ಎಂದು ಅವಳನ್ನು ಕೇಳಿ, ಉತ್ತರಕ್ಕೂ ಕಾಯದೆ ಪರದೇಶಕ್ಕೆ ಹಾರಿಹೋದವನು ಅವನೇ. ಇತ್ತ ಔಷಧಿಯವನು ಅವಳ ತಾಯಿಯ ಮಾತ್ರೆ ತಪ್ಪದಂತೆ ನೋಡಿಕೊಂಡ, ಅವಳು ಹತ್ತಿ ಇಳಿಯುವ ಮೆಟ್ಟಿಲಿಗೆ ದೀಪ ಹಾಕಿಸಿದ, ಅವಳಿಗೆ ಜ್ವರ ಬಂದಾಗ ಅಂಗಡಿ ಮುಚ್ಚಿ ಬಾಗಿಲಲ್ಲಿ ಕೂತ. ನಿನಗಿದೆಲ್ಲ ಗೊತ್ತು. ಆದರೂ ನೀನು ಪೈಲಟ್ ಪಕ್ಷದ ನಾಯಕಿ. ನಾನು ಬಾಯಿಬಿಟ್ಟು ಯಾವ ಪಕ್ಷ ಎಂದು ಹೇಳಿದವನಲ್ಲ, ಸುತ್ತಿಗೆ ಹಿಡಿದು ಮೂಲೆಯಲ್ಲಿ ಮೊಳೆ ಹೊಡೆಯುತ್ತಿದ್ದವನು. ಆದರೆ ಮನಸ್ಸಿನೊಳಗೆ ಮೊದಲ ದಿನದಿಂದಲೂ ನನ್ನ ಮತ ಔಷಧಿ ಅಂಗಡಿಗೇ.

ಹೋದ ವಾರ ವಾದ ತಾರಕಕ್ಕೇರಿತು. ಪೈಲಟ್ ಕಂಡ ತಕ್ಷಣ ಆ ಹುಡುಗಿ ಕಣ್ಣಲ್ಲಿ ಬೆಳಕು ಬರುತ್ತೆ, ಇವನನ್ನಾದರೆ ಕೆಮ್ಮಿನ ಔಷಧಿ ಕೇಳೋಕೆ ಬಂದವಳ ಥರ ನೋಡ್ತಾಳೆ ಎಂದರು ಟೈಲರಮ್ಮ. ಬೆಳಕು ಬರೋದು ಶೂಟಿಂಗಿನವರು ದೀಪ ಹಿಡಿದಿದ್ದಕ್ಕೆ ಎಂದ ಬೇಕರಿಯವನು. ಅಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಪಾಡಿಗೆ ನಾನಿರುತ್ತಿದ್ದೆ. ನಿಮ್ಮ ಲೀಡರ್ರೇ ಊರಲ್ಲಿಲ್ಲ, ಸೋಲು ಒಪ್ಕೊಂಡ್ಬಿಡಿ ಎಂದು ಅವನು ಕೆಣಕಿದ. ಟೈಲರಮ್ಮ ಸೂಜಿ ಎತ್ತಿ ಹಿಡಿದು ಹೇಳಿದ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ. "ಅವರಿದ್ದಿದ್ರೆ ನಿನ್ನ ಬಾಯಿ ಮುಚ್ಚಿಸ್ತಿದ್ರು. ಪೈಲಟ್ ಬಿಟ್ಟು ಹೋಗಿದ್ದು ತಪ್ಪೇ, ಆದ್ರೆ ನನ್ನ ಮದುವೆ ಆಗ್ತೀಯಾ ಅಂತ ಅವಳನ್ನೇ ಕೇಳಿದವನು ಅವನೊಬ್ಬನೇ, ನನಗಂತೂ ಆ ಭಾಗ್ಯ ಇರ್ಲಿಲ್ಲ ಅಂತ ಅವರೇ ನನ್ನ ಹತ್ರ ಹೇಳಿದಾರೆ." ಹೇಳಿ ಮುಗಿಸಿದ ಮೇಲೆ ನಾನು ಮೂಲೆಯಲ್ಲಿರುವುದು ಅವರಿಗೆ ನೆನಪಾಯಿತು. ನಾಲಿಗೆ ಕಚ್ಚಿಕೊಂಡರು. ನಾನು ಕೇಳಿಸದವನಂತೆ ಸುತ್ತಿಗೆ ಎತ್ತಿ ನೇರವಾಗಿ ಹೆಬ್ಬೆರಳ ಮೇಲೆ ಹೊಡೆದುಕೊಂಡೆ. ಉಗುರು ಕಪ್ಪಾಗಿದೆ. ಗಾಬರಿಯಾಗಬೇಡ, ನರ್ಸಮ್ಮ ಪಟ್ಟಿ ಕಟ್ಟಿದ್ದಾರೆ.

ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಅಳತೆ ಟೇಪು ಕುತ್ತಿಗೆಯಲ್ಲಿ ಹಾಕಿಕೊಂಡೇ ಅದಕ್ಕಾಗಿ ಅಂಗಡಿಯೆಲ್ಲ ಹುಡುಕಿದೆ. ಒಂದು ಕುರ್ಚಿಗೆ ರೆಕ್ಸಿನ್ನಿನ ಒಳಮೈ ಹೊರಗೆ ಬರುವಂತೆ ಹೊಲಿದು, ಬಿಚ್ಚಿ, ಮತ್ತೆ ಹಾಗೆಯೇ ಹೊಲಿದೆ. ನಿನಗೆ ಇಲ್ಲದೆ ಹೋದ ಆ ಭಾಗ್ಯ ಯಾರು ಎಂದು ಯೋಚಿಸಿದೆ. ನೋಡು, ಭಾಗ್ಯ ಏನು ಎಂದು ಯೋಚಿಸಬೇಕಾದವನು ಯಾರು ಎಂದು ಯೋಚಿಸಿದೆ. ನಿನ್ನ ತವರಿನ ಎದುರುಮನೆಯಲ್ಲಿ ಒಬ್ಬ ಮೋಟರ್ ಸೈಕಲ್ಲಿನವನಿದ್ದನಲ್ಲ, ಅವನು ಬೀದಿಗೆ ಬಂದರೆ ಕಿಟಕಿಯ ಗಾಜು ನಡುಗುತ್ತಿತ್ತು ಎಂದು ನೀನು ಹೇಳಿ ನಗುತ್ತಿದ್ದೆ. ಈ ವಾರವೆಲ್ಲ ಆ ನಗುವನ್ನು ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಒಮ್ಮೆ ಬರೀ ನಗುವಿನಂತೆ ಕಾಣುತ್ತದೆ, ಒಮ್ಮೆ ಅದರೊಳಗೆ ಇನ್ನೇನೋ ಇದ್ದಂತೆ ಕಾಣುತ್ತದೆ. ಈ ವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದು ನನಗೇ ನಾಚಿಕೆಯಾಯಿತು. ನಾಚಿಕೆಯಾದರೂ ಹುಚ್ಚು ಇಳಿಯಲಿಲ್ಲ. ಮೊನ್ನೆ ಅಂಗಡಿ ತೆರೆದಿಟ್ಟೇ ಬಸ್‌ಸ್ಟ್ಯಾಂಡಿಗೆ ಹೋಗಿ, ನಿಮ್ಮೂರಿನ ಬಸ್ಸು ಹೊರಡುವುದನ್ನು ನೋಡಿ, ಸುಮ್ಮನೆ ವಾಪಸ್ ಬಂದೆ. ಇಷ್ಟು ಬರೆಯುವುದರೊಳಗೆ ಎದ್ದು ಹೋಗಿ ಎರಡು ಸಲ ನೀರು ಕುಡಿದು ಬಂದಿದ್ದೇನೆ.

ಇನ್ನು ಇವತ್ತಿನ ಕಥೆ. ಟೀಚರ್ ಹೊರಟುಹೋದಳು. ಪೈಲಟ್ ಟ್ಯಾಕ್ಸಿ ತಂದು ಬೀದಿಯಲ್ಲಿ ನಿಲ್ಲಿಸಿದ್ದ. ಔಷಧಿಯವನು ಏನು ಮಾಡಿದ ಗೊತ್ತೇ? ಅವಳ ಪೆಟ್ಟಿಗೆ ಭಾರ ಇದೆ ಎಂದು ತಾನೇ ಎತ್ತಿಕೊಂಡು ಮೆಟ್ಟಿಲಿಳಿದು, ಟ್ಯಾಕ್ಸಿಯಲ್ಲಿಟ್ಟು, ಬಾಗಿಲು ತೆರೆದು ಹಿಡಿದ. ಅವಳು ಕೊನೆಯ ಮೆಟ್ಟಿಲ ಮೇಲೆ ನಿಂತು ಅವನ ಮುಖವನ್ನೇ ನೋಡಿದಳು. ಅವನು ನೆಲ ನೋಡಿದ. ಅವಳು ಹೋಗಿ ಕೂತಳು. ಟೈಲರಮ್ಮ ಗೆದ್ದೂ ಅಳುತ್ತಿದ್ದರು. ಬೇಕರಿಯವನು ಟಿ.ವಿ.ಗೇ ಬೈದ. ನಾನು ಯಾವಾಗ ಎದ್ದು ನಿಂತೆನೋ ತಿಳಿಯದು, ಸುತ್ತಿಗೆ ಕೈಯಲ್ಲೇ ಇತ್ತು. "ಜ್ವರ ಬಂದಾಗ ಯಾರಿದ್ರು ರೀ? ಅವಳ ಅಮ್ಮನ್ನ ನೋಡಿದ್ದು ಯಾರು? ಅಷ್ಟು ವರ್ಷ ಪಕ್ಕದಲ್ಲೇ ಇದ್ದದ್ದಕ್ಕೆ ಏನೂ ಬೆಲೆ ಇಲ್ವಾ?" ಎಂದೆ. ದನಿ ಜೋರಾಗಿಬಿಟ್ಟಿತು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಮಾತಾಡುವುದನ್ನು ಅವರು ಕೇಳಿದ್ದೇ ಅಪರೂಪ.

ನರ್ಸಮ್ಮ ಈವರೆಗೆ ಯಾವ ಪಕ್ಷಕ್ಕೂ ಸೇರಿದವರಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಳ್ಳುತ್ತಾ ನಿಧಾನವಾಗಿ ಹೇಳಿದರು. "ಬೆಲೆ ಇದೆ. ಅದಕ್ಕೇ ಅವಳು ಮೆಟ್ಟಿಲ ಮೇಲೆ ನಿಂತಿದ್ದು. ಹೋಗ್ಬೇಡ, ನನ್ನ ಜೊತೆ ಇರ್ತೀಯಾ ಅಂತ ಒಂದು ಮಾತು ಕೇಳಿದ್ರೆ ಪೆಟ್ಟಿಗೆ ವಾಪಸ್ ಮೇಲೆ ಬರ್ತಿತ್ತು. ಎಲ್ಲಾ ಮಾಡ್ದ, ಅದೊಂದು ಮಾಡ್ಲಿಲ್ಲ." ಆಮೇಲೆ ನನ್ನ ಕಡೆ ನೋಡಿ ದನಿ ಇನ್ನೂ ತಗ್ಗಿಸಿದರು. "ನಿಮ್ಮ ಮನೆಯವರು ಹೇಳಿದ್ದೂ ಅಷ್ಟೇ. ಅವತ್ತು ನಾನೂ ಅಲ್ಲೇ ಕೂತಿದ್ದೆ. ಅದರಲ್ಲಿ ಇನ್ನೊಬ್ಬನನ್ನ ಹುಡುಕ್ಬೇಡಿ, ಯಾರೂ ಇಲ್ಲ." ಟೈಲರಮ್ಮ ತಲೆ ತಗ್ಗಿಸಿ ಹೂಂ ಎಂದರು. ಜಾಹೀರಾತು ಬರುತ್ತಿತ್ತು, ಯಾರೂ ನೋಡುತ್ತಿರಲಿಲ್ಲ. ಒಬ್ಬೊಬ್ಬರಾಗಿ ಎದ್ದು ಹೋದರು. ಬೇಕರಿಯವನು ಹೋಗುವಾಗ ನನ್ನ ಭುಜ ತಟ್ಟಿ ಹೋದ, ನಮ್ಮಿಬ್ಬರ ಮನೆಯಲ್ಲೂ ಏನೋ ಆಗಿಹೋದಂತೆ.

ಎದೆಯ ಮೇಲಿನ ಒಂದು ಕಲ್ಲು ಇಳಿಯಿತು, ನಿಜ. ಆದರೆ ತಳಮಳ ಇಳಿದಿಲ್ಲ, ಜಾಗ ಬದಲಿಸಿದೆ. ಮೋಟರ್ ಸೈಕಲ್ಲಿನವನು ಹೋದ, ಅವನ ಜಾಗದಲ್ಲಿ ನಾನೇ ಬಂದು ನಿಂತಿದ್ದೇನೆ. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಡಾಕ್ಟರ ಸೋಫಾವನ್ನು ಈಗಷ್ಟೇ ಗಾಡಿಗೆ ಹಾಕಿಸಿ ಕಳಿಸಿದೆ, ಅಂಗಡಿ ಬಯಲಿನಂತಾಗಿದೆ. ಹಿತ್ತಲಿನ ಗಿಡಗಳಿಗೆ ನೀರು ಹಾಕುತ್ತಿದ್ದೇನೆ. ನಿನ್ನ ಸೀರೆ ಇಸ್ತ್ರಿಯವನಿಂದ ಬಂದಿದೆ. ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು, ಹಟ ಮಾಡದೆ ದಿನವೂ ನಡೆಯಲು ಹೇಳು. ಟೈಲರಮ್ಮ, ನರ್ಸಮ್ಮ, ಬೇಕರಿಯವನು, ಎಲ್ಲರೂ ನಿನ್ನನ್ನು ಕೇಳಿದ್ದಾರೆ. ನೀನು ಅಲ್ಲಿ ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣಬೇಡ, ಹೊತ್ತಿಗೆ ಸರಿಯಾಗಿ ಉಣ್ಣು, ಮಧ್ಯಾಹ್ನ ಸ್ವಲ್ಪ ಕಾಲು ಚಾಚು.

ಎಂದೂ ನಿನ್ನವನಾದ,
ನಿನ್ನ "ಇವ್ರು"

ಬಿಟ್ಟುಹೋದ ಮಾತು: ಅಂಚೆಯವನು ಎದುರಿನ ಡಬ್ಬಿಯ ಬೀಗ ತೆಗೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅಂದು ನಾನು ಕೇಳಿದ್ದು ನಿಮ್ಮಪ್ಪನನ್ನು. ಅವರು ಒಳಗೆ ಹೋಗಿ ಬಂದು ಆಗಬಹುದು ಎಂದರು. ಒಳಗೆ ನೀನು ಏನೆಂದೆ, ಏನಾದರೂ ಅಂದೆಯೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಶನಿವಾರ ಮೊದಲ ಬಸ್ಸಿಗೆ ಬರುತ್ತೇನೆ. ಈ ಸಲ ನಿನ್ನನ್ನೇ ಕೇಳುತ್ತೇನೆ. ಬೇಡ ಅನ್ನಿಸಿದರೆ ಬೇಡ ಎಂದೇ ಹೇಳು, ಅದಕ್ಕೂ ಸಿದ್ಧನಾಗಿಯೇ ಬರುತ್ತೇನೆ. ಸುಳ್ಳು, ಸಿದ್ಧನಾಗಿಲ್ಲ. ಬಸ್‌ಸ್ಟ್ಯಾಂಡಿಗೆ ನೀನೊಬ್ಬಳೇ ಬಾ.