ಅಮ್ಮ ಹೇಳುವ ಮಂಜು

ಉಪ್ಪಳ
ಜನವರಿ 16

ಪ್ರೀತಿಯ ಅಣ್ಣ,

ಫೋನಿನಲ್ಲಿ ಹೇಳಿದರೆ ಅಮ್ಮನಿಗೆ ಕೇಳುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಡಾಮರು ಪ್ಲಾಂಟ್ ಹಾಕಲು ನೀನು ಗುಡ್ಡದಲ್ಲಿ ಜಾಗ ನೋಡಿದ್ದು ಮಧ್ಯಾಹ್ನದ ಹೊತ್ತು. ಕಡಲಗಾಳಿ ಜೋರಾಗಿತ್ತು. "ಹೊಗೆಯೆಲ್ಲ ಗುಡ್ಡದ ಆಚೆ ಹೋಗ್ತದೆ, ನಿಮಗೆ ಎಂತ ಹೆದರಿಕೆ?" ಎಂದೆ. ದೋಣಿಯವರ ಮಗನಾಗಿ ಬೆಳಗಿನ ಗಾಳಿಯನ್ನೇ ಮರೆತೆಯಲ್ಲ! ಅಪ್ಪ ನಸುಕಿಗೆ ದೋಣಿ ಇಳಿಸುತ್ತಿದ್ದದ್ದು ಗುಡ್ಡದಿಂದ ಕಡಲಿಗೆ ಬೀಸುವ ಆ ಗಾಳಿಯನ್ನು ನಂಬಿ. ಈಗ ಅದು ನಿನ್ನ ಹೊಗೆಯನ್ನು ನಮ್ಮ ತಗ್ಗಿನ ಅಂಗಳಕ್ಕೆ ಇಳಿಸುತ್ತದೆ. ಮಳೆಗಾಲದಲ್ಲಿ ಗೊತ್ತಾಗಲಿಲ್ಲ. ಈ ಚಳಿಯಲ್ಲಿ ಬಿಸಿಲೇರುವ ತನಕ ಹೊಗೆ ಇಲ್ಲಿಂದ ಕದಲುವುದಿಲ್ಲ.

ಅಮ್ಮನಿಗೆ ಉಬ್ಬಸ ಹೆಚ್ಚಾಗಿದೆ. ನೆರೆಯವರು ಪಂಚಾಯತಿಗೆ ದೂರು ಕೊಡುತ್ತೇವೆಂದು ಬಂದರೆ ಅಮ್ಮ ಕೆಮ್ಮು ತಡೆದುಕೊಂಡು, "ಅದು ಮಂಜು ಮಾರಾಯ್ರೆ, ಚಳಿಗೆ ಹಾಗೇ ಉಂಟು" ಎನ್ನುತ್ತಾರೆ. ಅವರ ಮುಖ ನೋಡಿ ಬಂದವರು ದೂರು ಕೊಡದೆ ಹಿಂದಿರುಗುತ್ತಾರೆ.

ಹೊತ್ತೇರಿ ಗಾಳಿ ತಿರುಗಿದ ಮೇಲೆ ಪ್ಲಾಂಟ್ ಶುರು ಮಾಡಿದರೆ ಆಗುವುದಿಲ್ಲವೇ? ಆಗದಿದ್ದರೆ ಒಂದು ದಿನ ಬೆಳಿಗ್ಗೆ ಮನೆಗೆ ಬಾ. ಬರುವಾಗ ಅಮ್ಮನ ಇನ್‌ಹೇಲರ್ ತಾ, ಮುಗಿಯುತ್ತಾ ಬಂದಿದೆ.

ನಿನ್ನೆದುರೂ ಅವರು ಮಂಜು ಎಂದೇ ಹೇಳುತ್ತಾರೆ. ನೀನು ನಂಬಬೇಡ.

ನಿನ್ನ ತಂಗಿ,
ಮೋಕ್ಷಿತಾ