ಹದಿನೆಂಟರ ನಂತರದ ಮನೆ

ಮಾರ್ಚ್ 3, ಮಂಗಳವಾರ

ಹದಿನೇಳು ಹುಡುಗಿಯರು, ಒಂದೇ ನಲ್ಲಿ. ಬೆಳಗಿನ ಯುದ್ಧ ಮುಗಿಯಿತು. ಈಗ ಕುಳಿತೆ.

ಮಕ್ಕಳ ಕಲ್ಯಾಣ ಸಮಿತಿಯವರು ಗುರುವಾರ ನಮ್ಮ ಬಾಲಕಿಯರ ನಿಲಯಕ್ಕೆ ಬರುತ್ತಾರಂತೆ. ಕಚೇರಿ ಕಚೇರಿ ಅಲೆದು ಚಪ್ಪಲಿ ಸವೆಸಿದ್ದು ಇದಕ್ಕೇ. ಹದಿನೆಂಟು ತುಂಬಿದ ದಿನ ಹುಡುಗಿ ಇಲ್ಲಿಂದ ಹೊರಡಬೇಕು — ನಿಯಮ. ಎಲ್ಲಿಗೆ ಅನ್ನುವುದು ನಿಯಮದಲ್ಲಿಲ್ಲ. ವಾರ್ಡನ್ ಆಗಿ ನಾನು ಕೇಳುತ್ತಿರುವುದು ಇಷ್ಟೇ: ಹತ್ತಿರದಲ್ಲೊಂದು ಬಾಡಿಗೆ ಮನೆ. ಓದು ಮುಗಿಯುವ ತನಕ ದೊಡ್ಡ ಹುಡುಗಿಯರು ಅಲ್ಲಿರಲಿ.

ಎಲ್ಲರೂ ಕಡ್ಡಿ ಅಂತ ಕರೆಯುವ ಹುಡುಗಿಗೆ ಮುಂದಿನ ತಿಂಗಳು ಹದಿನೆಂಟು. ಹೆಸರಿಗೆ ತಕ್ಕ ಮೈ, ಮಾತೂ ಅಷ್ಟೇ ತೆಳು. ನರ್ಸಿಂಗ್ ಕೋರ್ಸ್ ಇನ್ನೂ ಒಂದು ವರ್ಷ ಬಾಕಿ. ತನ್ನವನು ಅಂತ ಇರುವವನು ಒಬ್ಬ ಮಲತಂದೆ. ಅವನ ಕೈಯಿಂದ ತಪ್ಪಿಸಿಕೊಂಡೇ ಇಲ್ಲಿಗೆ ಬಂದವಳು.

ಮಾರ್ಚ್ 5, ಗುರುವಾರ, ಸಂಜೆ

ಎಲ್ಲ ನೀರಿನಲ್ಲಿ ಹೋಮ.

ಸಮಿತಿಯ ಅಧ್ಯಕ್ಷೆ ನಿವೃತ್ತ ನ್ಯಾಯಾಧೀಶೆ. ಕನ್ನಡಕ ಮೂಗಿನ ತುದಿಯಲ್ಲಿ. ಒಬ್ಬೊಬ್ಬಳನ್ನೂ ಕರೆದು ಕೇಳಿದರು, "ಏನಮ್ಮ, ಇಲ್ಲಿ ಏನಾದ್ರೂ ತೊಂದ್ರೆ ಇದೆಯಾ?"

"ಎಲ್ಲ ಚೆನ್ನಾಗಿದೆ ಮೇಡಂ."

ಹದಿನೇಳು ಬಾಯಿ, ಒಂದೇ ರಾಗ. ಇದು ನಿಲಯದ ವಾಡಿಕೆ. ಹೊರಗಿನವರು ಬಂದರೆ ಸಾಲಾಗಿ ನಿಲ್ಲು, ಕೈ ಕಟ್ಟು, ನಗು, ಎಲ್ಲ ಚೆನ್ನಾಗಿದೆ ಅನ್ನು. ಹೊಸಬಳು ಬಂದ ವಾರದಲ್ಲೇ ಹಳಬರು ಕಲಿಸಿಬಿಡುತ್ತಾರೆ.

"ಹದಿನೆಂಟಾದ್ಮೇಲೆ ಏನು ಮಾಡ್ತೀಯಾ?" ಎಂದು ಕಡ್ಡಿಯನ್ನು ಕೇಳಿದರು. ಅವಳೂ, "ಎಲ್ಲ ಚೆನ್ನಾಗಿದೆ ಮೇಡಂ."

ಅಧ್ಯಕ್ಷೆ ನನ್ನತ್ತ ತಿರುಗಿದರು. "ಇಷ್ಟು ಸುಖವಾಗಿರೋ ಮಕ್ಕಳನ್ನ ನಾನು ನೋಡೇ ಇಲ್ಲ. ಬೇರೆ ಮನೆ ಯಾಕ್ರೀ?"

ಕೊನೆಗೆ ಹೇಗೋ ಬೇಡಿಕೊಂಡೆ — ಇನ್ನೊಮ್ಮೆ ಕೇಳಿ ಅಂತ. ಇಪ್ಪತ್ತನಾಲ್ಕನೇ ತಾರೀಖು ಮಕ್ಕಳನ್ನು ಕಚೇರಿಗೆ ಕರೆತನ್ನಿ ಅಂದರು.

ಮಾರ್ಚ್ 6, ಶುಕ್ರವಾರ

ನಮ್ಮ ಯಜಮಾನರು ಬೆಳಿಗ್ಗೆಯಿಂದ ನಗುತ್ತಲೇ ಇದ್ದಾರೆ. "ಮಕ್ಕಳನ್ನ ಇಷ್ಟು ಒಳ್ಳೆಯವರಾಗಿ ಬೆಳೆಸಿ ಕೆಟ್ಟೆ ನೋಡು."

ಉಪಾಯ ಹೊಳೆಯಿತು. ಊಟದ ನಂತರ ದೂರು ಹೇಳುವ ಕ್ಲಾಸ್. ನಾನೇ ಅಧ್ಯಕ್ಷೆ, ಕನ್ನಡಕ ಮೂಗಿನ ತುದಿಗೆ. ಮೊದಲು ನಮ್ಮ ಬಾಯಿಬಡುಕಿ ಎದ್ದಳು. ಒಂಬತ್ತನೇ ಕ್ಲಾಸು, ಹೆದರಿಕೆ ಅನ್ನುವುದು ಗೊತ್ತಿಲ್ಲ.

"ಬಾತ್‌ರೂಮಿಗೆ ಚಿಲಕ ಇಲ್ಲ."

"ಮತ್ತೆ?"

"ದೊಡ್ಡಮ್ಮ ರಾತ್ರಿ ಹೇಳೋ ಕಥೆ ತುಂಬಾ ಉದ್ದ. ರಾಜಕುಮಾರ ಕಾಡು ದಾಟೋ ಹೊತ್ತಿಗೆ ನಾವು ಗೊರಕೆ ಹೊಡೀತಿರ್ತೀವಿ."

ದೊಡ್ಡಮ್ಮ ಅಂದರೆ ನಾನೇ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಡ್ಡಿ ಮಾತ್ರ ಗೋಡೆಗೆ ಒರಗಿ ದುಪ್ಪಟ್ಟಾದ ತುದಿ ಸುತ್ತುತ್ತಿದ್ದಳು.

ಮಾರ್ಚ್ 14, ಶನಿವಾರ

ಕಟ್ಟೆ ಒಡೆದ ಹಾಗಾಗಿದೆ. ಫ್ಯಾನ್ ದೂರು, ದಿಂಬಿನ ದೂರು, ಪಕ್ಕದವಳ ಕಾಲಿನ ದೂರು. ಅಡುಗೆಯಾಕೆ ಸೌಟು ಹಿಡಿದೇ ಬಂದಳು. "ಉಪ್ಪು ಕಮ್ಮಿಯಂತೆ. ನಾಳೆಯಿಂದ ನೀವೇ ಒಲೆ ಮುಂದೆ ನಿಂತ್ಕೊಳ್ಳಿ ಅಮ್ಮ, ನಾನು ಕೂತ್ಕೊಂಡು ದೂರು ಹೇಳ್ತೀನಿ."

ರಾತ್ರಿ ತಟ್ಟೆ ತೊಳೆಯುವಾಗ ಕಡ್ಡಿಯನ್ನು ಹಿಡಿದೆ. ನೀನ್ಯಾಕೆ ಏನೂ ಹೇಳುವುದಿಲ್ಲ?

"ಕೇಳಿದ್ರೆ ಇರೋದೂ ಹೋಗುತ್ತೆ ದೊಡ್ಡಮ್ಮ."

"ಕೇಳ್ದೇ ಇದ್ರೂ ಹೋಗುತ್ತಲ್ಲೇ, ಮುಂದಿನ ತಿಂಗಳು."

ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು.

ಮಾರ್ಚ್ 24, ಮಂಗಳವಾರ

ಕಚೇರಿಯಿಂದ ಈಗ ಬಂದೆ. ಮರೆಯುವ ಮೊದಲು ಬರೆಯುತ್ತೇನೆ.

ಬಾಯಿಬಡುಕಿ ಚಿಲಕದಿಂದ ಶುರು ಮಾಡಿದಳು. ಅಧ್ಯಕ್ಷೆ ಬರೆದುಕೊಂಡರು. ಕಡ್ಡಿಯ ಸರದಿ ಬಂತು.

"ಎಲ್ಲ ಚೆನ್ನಾ..." ಅಲ್ಲೇ ನಿಲ್ಲಿಸಿದಳು. ನೆಲ ನೋಡಿದಳು.

"ನಿಲಯ ಬಿಟ್ಟ ದಿನ ರಾತ್ರಿ ನಾನು ಮಲಗೋದೆಲ್ಲಿ ಮೇಡಂ? ನೀವೇ ಒಂದು ಜಾಗ ಹೇಳಿ."

ಅಧ್ಯಕ್ಷೆ ಕನ್ನಡಕ ತೆಗೆದರು. "ಮಲತಂದೆ ಮನೆ..."

"ಅಲ್ಲಿಂದ ಓಡಿ ಬಂದಿದ್ದು ವಾಪಸ್ ಹೋಗೋಕಲ್ಲ."

ಒಮ್ಮೆ ಬಾಯಿ ಬಿಟ್ಟವಳು ನಿಲ್ಲಲಿಲ್ಲ. ಓದಲು ಒಂದು ಮೇಜು ಬೇಕು. ರಾತ್ರಿ ಪಾಳಿ ಇರುತ್ತದೆ, ಬಸ್ ಸ್ಟಾಪ್ ಹತ್ತಿರವಿರಬೇಕು.

"ಮತ್ತೇನಾದ್ರೂ?"

"ದೊಡ್ಡಮ್ಮ ದಿನಾ ಬಂದು ಇಣುಕಬಾರ್ದು. ವಾರಕ್ಕೊಂದ್ಸಲ ಸಾಕು."

ಅಧ್ಯಕ್ಷೆ ನಕ್ಕುಬಿಟ್ಟರು. ನಾನು ಇಂಗು ತಿಂದ ಮಂಗ. ಆದರೂ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳ ಕೈ ಬಿಡಲಿಲ್ಲ.

ಏಪ್ರಿಲ್ 16, ಗುರುವಾರ

ಸುದ್ದಿ ಇಲ್ಲ. ಫೋನ್ ಮಾಡಿದರೆ "ಮೀಟಿಂಗ್" ಅನ್ನುತ್ತಾರೆ. ಕಡ್ಡಿ ಅಟ್ಟದಿಂದ ತನ್ನ ಚೀಲ ಇಳಿಸಿ ಧೂಳು ಒರೆಸುತ್ತಿದ್ದಳು. ಕಂಡರೂ ಕಾಣದ ಹಾಗೆ ಹೋದೆ.

ಏಪ್ರಿಲ್ 20, ಸೋಮವಾರ, ಸಂಜೆ ನಾಲ್ಕು

ಅಧ್ಯಕ್ಷೆಯೇ ಫೋನ್ ಮಾಡಿದ್ದರು. ಮನೆ ಮಂಜೂರಾಗಿದೆ. ಸದ್ಯಕ್ಕೆ ಒಂದು ವರ್ಷ, ಐವರು ಹುಡುಗಿಯರಿಗೆ. "ಮನೆ ನೋಡಿ ಒಪ್ಪಬೇಕಾದವಳು ಆ ಹುಡುಗಿ. ನೀವಲ್ಲ" ಅಂದರು. ಆಗಲಿ ತಾಯಿ, ಅದಕ್ಕೂ ಸೈ.

ಅವಸರಕ್ಕೆ ಅಕ್ಷರ ಸೊಟ್ಟ. ಗೇಟಿನ ಸದ್ದು — ಕಡ್ಡಿ ಕ್ಲಾಸಿನಿಂದ ಬಂದಳು. ಚಪ್ಪಲಿ ಬಿಡುತ್ತಿದ್ದಾಳೆ. ಇಷ್ಟು ವರ್ಷ ಕಥೆ ಹೇಳಿದವಳಿಗೆ ಈಗ ಮೊದಲ ಮಾತೇ ಸಿಗುತ್ತಿಲ್ಲ. ಎಲ್ಲಿಂದ ಶುರು ಮಾಡಲಿ... "ಏನು ದೊಡ್ಡಮ್ಮ, ಒಬ್ರೇ ಕೂತು ನಗ್ತಿದ್ದೀರಾ" ಅಂತ ಬಾಗಿಲಲ್ಲೇ —