ಎರಡೂ ಒಟ್ಟಿಗೆ

ಜುಲೈ ೮, ಬೆಳಗ್ಗೆ ೭

ಬಿಪಿ ನೋಡಿಕೊಂಡೆ. ಸರಿಯಿದೆ. ಮಳೆ ಜಿರಿಜಿರಿ. ಗೇಟಿನ ಬಟನ್ ಒತ್ತಿದೆ. ಕೆಂಪು ದೀಪ, ಬೀಗ ಬಿಡಲಿಲ್ಲ. ಇವತ್ತಿಗೆ ಒಂಬತ್ತು ದಿನ.

ರಸ್ತೆಯಲ್ಲಿ ತಲೆ ಸುತ್ತಿ ಬಿದ್ದೆನೆಂದು ಮಳೆ ಮತ್ತು ಬಿಪಿ ಮಿಷನ್ನಿನ ಲೆಕ್ಕ ನೋಡಿ ತೆರೆಯುವಂತೆ ಸೊಸೆ ಸುಷ್ಮಾ ಕೂರಿಸಿದ ಬೀಗ. ಸಾಗರದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಪ್ರೋಗ್ರಾಂ ಅವಳದು. ವೈರಿಂಗ್ ನನ್ನದು. ಒಪ್ಪಿದ್ದೂ ನಾನೇ. ಥೂ.

ಕಾರ್ಗಲ್‌ನಲ್ಲಿ ಜಟ್ಟಪ್ಪ ಹಾಸಿಗೆ ಹಿಡಿದಿದ್ದಾನೆ. ಇಬ್ಬರೂ ಲೈನ್‌ಮ್ಯಾನ್, ಮೂವತ್ತು ವರ್ಷ ಒಟ್ಟಿಗೆ ಕಂಬ ಹತ್ತಿದವರು. ಇನ್ನೆಷ್ಟು ದಿನವೋ... ನೋಡಬೇಕು.

ಜುಲೈ ೯

ಸುಷ್ಮಾ ಮೇಲೆ ರೇಗಿದೆ.

“ನೀವೇ ಹೇಳಿದ್ರಲ್ಲ ಮಾವ, ಮಳೆ, ಬಿಪಿ ಎರಡೂ ಇಲ್ದಿದ್ರೆ ಬಿಡು ಅಂತ.”

“ಎರಡೂ ಒಟ್ಟಿಗೆ ಇಲ್ದಿದ್ರೆ ಅಂದೆ ಮಾರಾಯ್ತಿ! ಒಂದೇ ಇದ್ರೆ ಬಿಡ್ಬೇಕು. ‘ಒಟ್ಟಿಗೆ’ ಎಲ್ಲಿ ನುಂಗಿದೆ?”

ಲ್ಯಾಪ್‌ಟಾಪ್ ತೋರಿಸಿದಳು. ಇಫ್ ಒಳಗೆ ಇಫ್, ಅದರೊಳಗೆ ಎಲ್ಸ್... ಒಂದು ಪುಟ. ಓದಿ ಹೇಳು ಎಂದೆ. ಕೊನೆಗೆ ಬಂದದ್ದು ಇಷ್ಟೇ: ಮಳೆ ಇಲ್ಲ, ಮತ್ತು ಬಿಪಿ ಏರಿಲ್ಲ — ಆಗ ತೆರೆ.

ಜುಲೈನಲ್ಲಿ ಮಳೆ ಇಲ್ಲವಂತೆ. ಸಾಗರದಲ್ಲಿ!

ಜುಲೈ ೧೧

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೂ ಸುಷ್ಮಾಗೆ ಕಲಿಸಿದೆ. ಹಲಗೆಗೆ ಎರಡು ಸ್ವಿಚ್, ಒಂದು ಬಲ್ಬ್ ಹೊಡೆದೆ. ಒಂದರ ಹಿಂದೆ ಒಂದು ಜೋಡಿಸಿದರೆ, ಎರಡೂ ಹಾಕಿದಾಗಲೇ ಬೆಳಕು. ಅದು ಅವಳ ‘ಮತ್ತು’. ಪಕ್ಕಪಕ್ಕ ಜೋಡಿಸಿದರೆ ಯಾವುದಾದರೂ ಒಂದು ಸಾಕು. ಅದು ‘ಅಥವಾ’.

“ಮಳೆ ಇಲ್ಲ ಅನ್ನೋದು ಒಂದು ಸ್ವಿಚ್. ಬಿಪಿ ಏರಿಲ್ಲ ಅನ್ನೋದು ಇನ್ನೊಂದು. ನಂಗೆ ಪಕ್ಕಪಕ್ಕ ಬೇಕು.”

ಬಲ್ಬನ್ನೇ ನೋಡುತ್ತ ಕೂತಳು. “ಇದನ್ನ ನಾನು ಕ್ಲಾಸಲ್ಲಿ ಪಾಠ ಮಾಡ್ತೀನಿ ಮಾವ.”

“ಮಾಡಿ ಎಂತ ಬಂತು?”

ನಕ್ಕಳು. ಪುಟ ಅಳಿಸಿ ಒಂದೇ ಸಾಲು ಬರೆದಳು. ಬಟನ್ ಒತ್ತಿದೆ. ಮಳೆ ಸುರಿಯುತ್ತಿರುವಾಗಲೇ ಹಸಿರು! ಕಾರ್ಗಲ್ ಬಸ್ ಹೋಗಿಯಾಗಿತ್ತು. ನಾಳೆ.

ಜುಲೈ ೧೨, ಬೆಳಗ್ಗೆ ೬.೪೦

ಹೋಗುವ ಖುಷಿಗೆ ನಿದ್ದೆ ಬಂದಿಲ್ಲ. ಬಿಪಿ ನೂರ ಎಪ್ಪತ್ತು. ಮಳೆ. ಕೆಂಪು.

ಎರಡೂ ಒಟ್ಟಿಗೆ. ನಾನೇ ಹೇಳಿದ್ದು.

೧೦.೧೫

ಜಟ್ಟಪ್ಪನ ಮಗಳ ಫೋನ್. “ಅಪ್ಪ ನಿಮ್ಮ ಹೆಸರೇ ಹೇಳ್ತಿದ್ದಾರೆ. ಸಾಧ್ಯ ಆದ್ರೆ ಈಗ್ಲೇ ಬನ್ನಿ.” ಸುಷ್ಮಾ ಪರೀಕ್ಷೆ ಡ್ಯೂಟಿಯಲ್ಲಿ. ನಾಲ್ಕು ಸಲ ಮಾಡಿದೆ, ಫೋನ್ ಎತ್ತುತ್ತಿಲ್ಲ.

ಫ್ಯೂಸ್ ಕಿತ್ತರೆ ಬೀಗ ಬಿಡುತ್ತದೆ. ಮೊದಲ ದಿನದಿಂದ ಗೊತ್ತು. ಸುಷ್ಮಾಗೆ ಮಾತು ಕೊಟ್ಟಿದ್ದೆ, ಮುಟ್ಟಿರಲಿಲ್ಲ. ಗೋಡೆಯ ಮೇಲೆ, ಎತ್ತರದಲ್ಲಿದೆ. ಸ್ಟೂಲ್ ತಂದಿಟ್ಟಿದ್ದೇನೆ. ತಲೆ ಸ್ವಲ್ಪ ತಿರುಗುತ್ತಿದೆ... ಕಂಬ ಹತ್ತಿದವನಿಗೆ ಸ್ಟೂಲ್ ಯಾವ ಲೆಕ್ಕ. ಹತ್ತಿ, ಕಿತ್ತು, ಉಳಿದದ್ದು ಬಂದು ಬರೆಯುತ್ತೇನೆ.